ಬಣ್ಣ ಬಳಿಯುವ ಮುನ್ನ ಮರವನ್ನು ಕೇಳಿ

ಶಾಲೆಯ ಬಾಗಿಲು ತೆರೆಯುವುದು, ಮಳೆ ಹಿಡಿಯುವುದು, ಮೀನುಗಾರಿಕೆ ಬೋಟುಗಳು ದಡ ಸೇರುವುದು – ನಮ್ಮ ಕರಾವಳಿಯಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ನಡೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಡಲಿನ ಮೀನಿಗೆ ಮರಿ ಮಾಡಲು ಅದು ಬಿಡುವು. ಮನುಷ್ಯರಿಗೆ ಬಲೆ ಹೊಲಿಯಲು, ಎಂಜಿನ್ ಬಿಚ್ಚಿ ಕಟ್ಟಲು, ಬೋಟಿಗೆ ಬಣ್ಣ ಬಳಿಯಲು ಬಿಡುವು. ಗಂಗೊಳ್ಳಿ, ಮಲ್ಪೆ, ಮಂಗಳೂರು ಬಂದರುಗಳ ದಕ್ಕೆಯಲ್ಲಿ ಆ ದಿನಗಳಲ್ಲಿ ಮೀನಿನ ವಾಸನೆಗಿಂತ ಪೇಂಟಿನ ವಾಸನೆಯೇ ಹೆಚ್ಚು.

ಆಗಸ್ಟ್ ಮೊದಲ ವಾರ ಈ ಬೋಟುಗಳು ಸಾಲಾಗಿ ಅಳಿವೆ ದಾಟಿ ಹೊರಡುವುದನ್ನು ನೋಡುವುದೇ ಒಂದು ಹಬ್ಬ. ಕೆಂಪು, ನೀಲಿ, ಹಸಿರು ಬಣ್ಣಗಳು ಮಳೆಯಲ್ಲಿ ತೊಯ್ದು ಮಿರಮಿರ ಮಿಂಚುತ್ತವೆ. ಆದರೆ ಹಾಗೆ ಮಿಂಚುವ ಹಳೆಯ ಮರದ ಬೋಟು ಕಂಡಾಗಲೆಲ್ಲ ನನಗೆ ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ನೆನಪಾಗುತ್ತದೆ. ಅಂಥದ್ದೊಂದು ಹುಳುಕಿಗೆ ಒಮ್ಮೆ ನಾನೇ ಕಾರಣನಾಗಿದ್ದೆ. ಆ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

ನಾನು ಕೊಟ್ಟ ಸಲಹೆ

1998ರ ಜುಲೈ. ನಾನು ಕುಂದಾಪುರ ತಾಲೂಕಿನ ಹೊಳೆಬಾಗಿಲಿನ ಊರೊಂದರ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಸೇರಿ ಎರಡು ವರ್ಷವಾಗಿತ್ತಷ್ಟೆ. ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆಗೆ 32 ಅಡಿಯ ಮರದ ಟ್ರಾಲ್ ಬೋಟು ಇತ್ತು. ಬೋಟಿಗೂ ವಯಸ್ಸಾಗಿತ್ತು, ಮೇಲಿದ್ದ ಸಾಲಕ್ಕೂ ವಯಸ್ಸಾಗಿತ್ತು. ಒಂದು ಸಂಜೆ ಅವರು ಶಾಲೆಯ ಬಳಿ ಬಂದು, “ಮಾಸ್ಟ್ರೆ, ನೀವ್ ಸೈನ್ಸ್ ಓದಿದವ್ರ್. ಡೆಕ್ಕಿಗೆ ಹ್ಯಾಂಗ್ ಬಣ್ಣ ಬಳಿದ್ರೆ ಬಾಳಿಕಿ ಬತ್ತ್?” ಎಂದು ಕೇಳಿದರು.

ನನಗೆ ಹೆಮ್ಮೆಯಾಯಿತು. ನೀರು ಮರವನ್ನು ಕೊಳೆಸುತ್ತದೆ, ಬಣ್ಣ ನೀರನ್ನು ತಡೆಯುತ್ತದೆ. ಆದ್ದರಿಂದ ಮೇಲೆ, ಕೆಳಗೆ, ಸಂದುಗೊಂದಿಗಳಲ್ಲೆಲ್ಲ ದಪ್ಪಗೆ ಬಣ್ಣ ಬಳಿದು ಹಲಗೆಯನ್ನು ಡಬ್ಬಿಯಂತೆ ಮುಚ್ಚಿಬಿಡಿ ಎಂದೆ. ತರ್ಕ ಎಷ್ಟು ಸರಳವಾಗಿತ್ತೆಂದರೆ ಅದು ತಪ್ಪಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಋತು ಪ್ರಾರಂಭವಾಗಲು ಕೆಲವೇ ದಿನ ಉಳಿದಿದ್ದವು. ಮಳೆ ಬಿಟ್ಟ ಎರಡು ದಿನದ ಬಿಸಿಲಿನಲ್ಲಿ ಅವರು ನಾನು ಹೇಳಿದಂತೆಯೇ ಮಾಡಿದರು.

ಅಕ್ಟೋಬರಿನ ಬಿಸಿಲಿಗೆ ಡೆಕ್ಕಿನ ಮೇಲೆ ಗುಳ್ಳೆಗಳೆದ್ದವು. ಮರುವರ್ಷದ ಬೇಸಿಗೆಯಲ್ಲಿ ಬಲೆ ಎಳೆಯುತ್ತಿದ್ದಾಗ ಐಸ್ ಕೋಣೆಯ ಬಾಯಿಯ ಪಕ್ಕದ ಹಲಗೆ ಕುಸಿದು ಅವರ ಬಲಗಾಲು ತೊಡೆಯವರೆಗೆ ಒಳಗೆ ಹೋಯಿತು. ಮೂಳೆ ಮುರಿಯಿತು. ಅವರು ಎರಡು ತಿಂಗಳು ಮನೆಯಲ್ಲಿ ಕುಳಿತರು. ಆ ಎರಡು ತಿಂಗಳು ನನ್ನ ವಿದ್ಯಾರ್ಥಿ ಶಾಲೆಗೆ ಬರಲಿಲ್ಲ. ಬೇರೆಯವರ ಬೋಟಿನಲ್ಲಿ ಮೀನು ಹೆಕ್ಕಲು ಹೋದ. ಹತ್ತನೇ ತರಗತಿಯನ್ನು ಅವನು ಮುಗಿಸಲಿಲ್ಲ.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಲಗೆ ಬದಲಿಸಲು ಬಂದಿದ್ದ ಹಿರಿಯ ಆಚಾರ್ರು ಮಾತ್ರ ಮುರಿದ ತುಂಡನ್ನು ನನ್ನ ಕೈಗೆ ಕೊಟ್ಟರು. ಮೇಲಿನ ಬಣ್ಣ ಗಟ್ಟಿಯಾಗಿಯೇ ಇತ್ತು. ಅದರಡಿ ಮರ ಕುಂಬಾಗಿ, ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರಸ್ಕಿನಂತೆ ಪುಡಿಯಾಗುತ್ತಿತ್ತು. “ಉಪ್ಪ್ ನೀರ್ ಮರಕ್ಕೆ ಎಂತ ಮಾಡುದಿಲ್ಲ ಮಾಸ್ಟ್ರೆ. ಮಳಿ ನೀರೇ ಮರ ತಿಂಬುದ್. ನೀವ್ ಅದ್ನ ಒಳ್ಗೆ ಹಾಕಿ ಬಾಗಿಲ್ ಹಾಕ್ದ್ರಿ” ಎಂದರು. ನನ್ನ ಬಿಎಸ್ಸಿಯಲ್ಲಿ ಕಲಿಯದ ಪಾಠವನ್ನು ಅಂದು ಕಲಿತೆ.

ಶತ್ರು ಉಪ್ಪುನೀರಲ್ಲ

ಮರ ಕೊಳೆಯುವುದು ನೀರಿನಿಂದಲ್ಲ, ಶಿಲೀಂಧ್ರದಿಂದ. ಅಣಬೆಯ ಜಾತಿಗೆ ಸೇರಿದ ಈ ಜೀವಿ ಮರದ ಸೆಲ್ಯುಲೋಸನ್ನು ಆಹಾರವಾಗಿ ತಿನ್ನುತ್ತದೆ. ಅದಕ್ಕೆ ಬದುಕಲು ನಾಲ್ಕು ಸಂಗತಿಗಳು ಬೇಕು: ಆಹಾರ, ಹದವಾದ ಬಿಸಿ, ಗಾಳಿ, ನೀರು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬೆಳೆಯದು.

ತೋಟದ ಬೇಲಿಗೂಟವನ್ನು ನೋಡಿ. ಅದು ಕುಂಬಾಗುವುದು ನೆಲದ ಮಟ್ಟದಲ್ಲಿ. ಮೇಲಿನ ಭಾಗದಲ್ಲಿ ಗಾಳಿಯಿದೆ, ನೀರು ನಿಲ್ಲುವುದಿಲ್ಲ. ಆಳದಲ್ಲಿ ನೀರಿದೆ, ಗಾಳಿ ಸಾಲದು. ಎರಡೂ ಸೇರುವುದು ನೆಲಮಟ್ಟದಲ್ಲಿ ಮಾತ್ರ. ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ 1628ರಲ್ಲಿ ತನ್ನ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. 333 ವರ್ಷಗಳ ನಂತರ, 1961ರಲ್ಲಿ ಅದನ್ನು ಮೇಲೆತ್ತಿದಾಗ ಓಕ್ ಮರದ ಒಡಲು ಬಹುಪಾಲು ಹಾಗೆಯೇ ಇತ್ತು. ತಳದ ತಣ್ಣನೆಯ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆಯಾದ್ದರಿಂದ ಮರ ಕೊರೆಯುವ ಹಡಗುಹುಳುವೂ ಅಲ್ಲಿಲ್ಲ. ನಿಜವಾದ ಚಿಂತೆ ಶುರುವಾದದ್ದು ಹಡಗು ಗಾಳಿಗೆ ಬಂದ ಮೇಲೆ!

ನಮ್ಮ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪಿನಕಾಯಿ ಕೆಡದಂತೆ ಕಾಯುವ ಉಪ್ಪೇ ಮರವನ್ನೂ ಶಿಲೀಂಧ್ರದಿಂದ ಕಾಯುತ್ತದೆ. ಹಳೆಯ ಮೀನುಗಾರರು ಸಂಜೆ ಡೆಕ್ಕಿನ ಮೇಲೆ ಕಡಲನೀರು ಎರಚುವುದನ್ನು ನೀವು ಕಂಡಿರಬಹುದು. ಹಲಗೆ ಒಣಗಿ ಬಿರಿಯದೆ ಉಬ್ಬಿಕೊಂಡು ಸಂದು ಮುಚ್ಚಿರಲಿ ಎಂಬುದು ಒಂದು ಉದ್ದೇಶ. ಉಪ್ಪು ಹಿಡಿಯಲಿ ಎಂಬುದು ಇನ್ನೊಂದು. ಬೋಟಿನ ತಳದ ಕಥೆ ಬೇರೆ. ಅಲ್ಲಿ ಶತ್ರು ಹಡಗುಹುಳು. ಆದರೆ ಡೆಕ್ಕಿನ ಶತ್ರು ಸಿಹಿನೀರು.

ಸಿಹಿನೀರು ಡೆಕ್ಕಿಗೆ ಎರಡು ಕಡೆಯಿಂದ ಬರುತ್ತದೆ. ಮೇಲಿನಿಂದ ಮಳೆ. ಕೆಳಗಿನಿಂದ, ಐಸ್ ಕೋಣೆಯಲ್ಲಿ ಮೀನಿಗೆ ಹಾಕಿದ ಐಸು ಕರಗಿ ಬರುವ ತಂಪು, ತೇವ. ನಾನು ಕೊಟ್ಟ ಸಲಹೆಯಂತೆ ಎರಡೂ ಬದಿಗೆ ಬಣ್ಣ ಬಳಿದಾಗ ಮರದ ಒಳಗಿದ್ದ ನೀರು ಅಲ್ಲೇ ಬಂದಿಯಾಯಿತು. ಮೊಳೆಯ ತಲೆ, ಹಲಗೆಯ ಸಂದು ಮುಂತಾದೆಡೆ ಬಣ್ಣ ಕೂದಲೆಳೆಯಷ್ಟು ಬಿರಿದರೂ ಹೊಸ ನೀರು ಒಳಗೆ ಇಳಿಯುತ್ತಿತ್ತು. ಹೊರಬರಲು ಮಾತ್ರ ದಾರಿಯಿರಲಿಲ್ಲ. ಬಿಸಿಲಿಗೆ ಕಾದ ನೀರು ಆವಿಯಾಗಿ ಬಣ್ಣವನ್ನು ಒಳಗಿನಿಂದ ತಳ್ಳಿದ್ದೇ ಆ ಗುಳ್ಳೆಗಳು. ಮರ ತಿಂಗಳುಗಳ ಮೊದಲೇ ನಮಗೆ ಸೂಚನೆ ಕೊಟ್ಟಿತ್ತು. ನಾವು ಗುಳ್ಳೆಗಳನ್ನು ಕೆರೆದು ಇನ್ನೊಂದು ಕೈ ಬಣ್ಣ ಬಳಿದೆವು.

ತೂಕ ಹೇಳುವ ಸತ್ಯ

ಈಗ ಈ ವರ್ಷಕ್ಕೆ ಬರೋಣ. ಅಂದಿನ ಆ ಹುಡುಗ ಇಂದು ನಲವತ್ತು ದಾಟಿದ ತಾಂಡೇಲ. ತಂದೆಯ ಬೋಟು ಹೋಗಿ, ಬೇರೆಯವರಿಂದ ಕೊಂಡ ಇನ್ನೊಂದು ಹಳೆಯ ಮರದ ಬೋಟು ಅವನದಾಗಿದೆ. ಅವನ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಾಳೆ. ಉಕ್ಕಿನ ಮತ್ತು ಫೈಬರಿನ ಬೋಟುಗಳು ಹೆಚ್ಚುತ್ತಿರುವ ಈ ಕಾಲದಲ್ಲೂ ಅವನಿಗೆ ಮರವೇ ಗತಿ. ಹೊಸದಕ್ಕೆ ಹಣವಿಲ್ಲ. ಡೆಕ್ಕಿನ ಬಣ್ಣ ಎದ್ದಿತ್ತು. ಏಪ್ರಿಲ್ ಕೊನೆಯಲ್ಲಿ ನಾನು ಅವನ ಮನೆಗೆ ಹೋಗಿ, “ಈ ಸಲ ಜುಲೈಗೆ ಕಾಯಬೇಡ, ಮೇ ತಿಂಗಳಲ್ಲೇ ಬೋಟು ಎಳೆದು ಹಾಕು” ಎಂದೆ.

ಹೇಳುವುದು ಸುಲಭ. ಮೇ ತಿಂಗಳಲ್ಲಿ ಬೋಟು ಎಳೆದರೆ ಸುಮಾರು ಮೂರು ವಾರದ ದುಡಿಮೆ ಹೋಗುತ್ತದೆ. ಬಿಡುವಿರುವುದು ಮಳೆಗಾಲದಲ್ಲಿ, ಬಣ್ಣಕ್ಕೆ ಹದವಿರುವುದು ಬೇಸಿಗೆಯಲ್ಲಿ. ಮೀನುಗಾರನ ಸಂಕಟ ಇರುವುದೇ ಇಲ್ಲಿ. ಮರ ಸುತ್ತಲಿನ ಗಾಳಿಯೊಡನೆ ಸದಾ ನೀರಿನ ಲೆಕ್ಕ ಸರಿಮಾಡಿಕೊಳ್ಳುತ್ತಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 90 ಇದ್ದರೆ, ಎಷ್ಟು ದಿನ ಕಾದರೂ ಮರದ ತೇವಾಂಶ ಸುಮಾರು ಶೇ 20ಕ್ಕಿಂತ ಕೆಳಗಿಳಿಯದು. ಆರ್ದ್ರತೆ ಶೇ 70 ಇದ್ದರೆ ಶೇ 13ರ ಹತ್ತಿರ ಬರುತ್ತದೆ. ಶಿಲೀಂಧ್ರಕ್ಕೆ ಶೇ 20ಕ್ಕಿಂತ ಕಡಿಮೆ ತೇವದಲ್ಲಿ ಬೆಳೆಯಲಾಗದು. ಶೇ 30ರ ಆಸುಪಾಸು ದಾಟಿದರೆ ಅದಕ್ಕೆ ಹಬ್ಬ. ಮುಂಗಾರಿನ ಮಧ್ಯೆ ಬಳಿದ ಬಣ್ಣ ಯಾಕೆ ಬಾಳುವುದಿಲ್ಲವೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಅವನು ಎರಡು ದಿನ ಯೋಚಿಸಿದ. ಮೂರನೆಯ ದಿನ, “ಅಪ್ಪಯ್ಯನ ಕಾಲ್ ಕಂಡವ ನಾನ್” ಎಂದು ಹೇಳಿ ಬೋಟು ಎಳೆಸಿದ.

ಹಲಗೆಯ ತೇವ ಅಳೆಯುವ ಕೆಲಸ ಮಗಳದಾಯಿತು. ಇದನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಆಚಾರ್ರು ಬದಲಿಸಲಿದ್ದ ಒಂದು ಹಲಗೆಯಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಚೂರು ಕತ್ತರಿಸಿ ಕೊಟ್ಟರು. ಕೂಡಲೇ ತೂಗಿದಾಗ 67 ಗ್ರಾಂ. ಅದನ್ನು ಪ್ರಯೋಗಾಲಯದ ಒಲೆಯಲ್ಲಿ 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆವು. ಕೊನೆಗೆ ಉಳಿದದ್ದು 50 ಗ್ರಾಂ. ಹೋದದ್ದು 17 ಗ್ರಾಂ ನೀರು. ನೀರಿನ ತೂಕವನ್ನು ಒಣ ಮರದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 17 ಭಾಗಿಸು 50, ಅಂದರೆ ಶೇ 34. ಮೇಲ್ನೋಟಕ್ಕೆ ಮರ ಒಣಗಿದಂತೆಯೇ ಇತ್ತು!

“ಸರ್, ಕೈಗೆ ಒದ್ದೆ ಅನ್ನಿಸ್ಲೇ ಇಲ್ಲ” ಎಂದಳು ಹುಡುಗಿ. ಅದೇ ಇಲ್ಲಿನ ಪಾಠ. ಕೈ ಮೋಸ ಹೋಗುತ್ತದೆ, ತಕ್ಕಡಿ ಹೋಗುವುದಿಲ್ಲ.

ತಕ್ಕಡಿ, ಒಲೆ ಇಲ್ಲದವರಿಗೂ ಒಂದು ಉಪಾಯವುಂಟು. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಲಗೆಯ ಮೇಲಿಟ್ಟು ನಾಲ್ಕು ಅಂಚಿಗೂ ಟೇಪು ಅಂಟಿಸಿ, ಬಿಸಿಲಿನಲ್ಲಿ ಕೆಲವು ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಮರ ಇನ್ನೂ ಹಸಿ. ಬಣ್ಣದ ಡಬ್ಬಿ ತೆರೆಯಬೇಡಿ.

ಕೆರೆಯುವಾಗ ಎಚ್ಚರ

ಹಳೆಯ ಬಣ್ಣವನ್ನು ಪೂರ್ತಿ ತೆಗೆಯದೆ ಮರ ಒಣಗದು. ಆದರೆ ಇಲ್ಲಿ ಹೆತ್ತವರು ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಬೋಟುಗಳ ತಳಪದರಗಳಲ್ಲಿ ರೆಡ್ ಲೆಡ್ ಎಂಬ ಸೀಸದ ಆಕ್ಸೈಡು ಇರಬಹುದು. ಹಳೆಯ ಬಿಳಿ, ಹಳದಿ ಬಣ್ಣಗಳಲ್ಲೂ ಸೀಸದ ಸಂಯುಕ್ತಗಳಿರುತ್ತಿದ್ದವು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳು ಇಂದಿಗೂ ಹಲಗೆಯ ಮೇಲಿವೆ.

ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಅದಕ್ಕಿಲ್ಲ. ರಜೆಯಲ್ಲಿ ಅಪ್ಪನಿಗೆ ನೆರವಾಗಲೆಂದು ಮಕ್ಕಳ ಕೈಗೆ ಪಾಲಿಶ್ ಪೇಪರ್ ಕೊಟ್ಟು ಕೂರಿಸುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡವರು ಕೆರೆಯುವಾಗಲೂ ಬಣ್ಣವನ್ನು ನೀರಿನಿಂದ ಒದ್ದೆ ಮಾಡಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿ ಕೆರೆಯಬೇಕು. ಒಣಗಿದ್ದನ್ನು ಉಜ್ಜಬಾರದು, ಸುಡಲೂಬಾರದು. ಉದುರಿದ ಚಕ್ಕೆಗಳು ಹೊಳೆಗೆ ಬೀಳದಂತೆ ಕೆಳಗೆ ಟರ್ಪಾಲು ಹಾಸಬೇಕು. ಕೆಲಸದ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಗುವನ್ನೆತ್ತಿಕೊಳ್ಳಬಾರದು. ನಮ್ಮ ಹುಡುಗಿಗೆ ತೂಗುವ ಕೆಲಸ ಕೊಟ್ಟದ್ದು ಇದೇ ಕಾರಣಕ್ಕೆ. ಕೆರೆದು ಮುಗಿಯುವವರೆಗೆ ಅವಳಿಗೆ ಬೋಟಿನ ಹತ್ತಿರ ಪ್ರವೇಶವಿರಲಿಲ್ಲ.

ಕೆರೆದ ಮೇಲೆ ಡೆಕ್ಕನ್ನು ಬಾವಿಯ ನೀರಿನಿಂದ ಚೆನ್ನಾಗಿ ತೊಳೆದರು. ಉಪ್ಪು ಮರವನ್ನು ಕಾಯುತ್ತದೆ ಎಂದು ಆಗಲೇ ಹೇಳಿದೆನಲ್ಲ, ಮತ್ತೆ ತೊಳೆಯುವುದೇಕೆ? ಮರಕ್ಕೆ ಮಿತ್ರನಾದ ಉಪ್ಪು ಬಣ್ಣಕ್ಕೆ ಶತ್ರು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದನ್ನು ನೆನಪಿಸಿಕೊಳ್ಳಿ. ಬಣ್ಣದ ಅಡಿಯಲ್ಲಿ ಉಳಿದ ಉಪ್ಪಿನ ಹರಳು ಹಾಗೆಯೇ ನೀರನ್ನು ಎಳೆದುಕೊಂಡು ಬಣ್ಣವನ್ನು ಮೇಲಕ್ಕೆಬ್ಬಿಸುತ್ತದೆ. ಆದ್ದರಿಂದ ಮೊದಲು ತೊಳೆಯಬೇಕು, ಆಮೇಲೆ ಒಣಗಿಸಬೇಕು.

ಒಣಗಿಸಲು ನೆತ್ತಿಗೆ ಮಡಲಿನ ಚಪ್ಪರ ಹಾಕಿ, ಸುತ್ತ ಗಾಳಿಯಾಡಲು ಬಿಟ್ಟರು. ಐಸ್ ಕೋಣೆಯ ಮುಚ್ಚಳ ಹಗಲೆಲ್ಲ ತೆರೆದಿತ್ತು. ಕುಂಬಾದ ಮೂರು ಹಲಗೆ ತೆಗೆದು ಹೆಬ್ಬಲಸಿನ ಹೊಸ ಹಲಗೆ ಕೂರಿಸಿದರು. ಸಂದಿಗೆ ಹತ್ತಿಯ ಹುರಿ ಬಡಿದರು. ಹದಿನೆಂಟು ದಿನಗಳ ಬಳಿಕ ಹಳೆಯ ಹಲಗೆಯೊಂದರಿಂದ ಮತ್ತೆ ಚೂರು ತೆಗೆದು ತೂಗಿ ಒಣಗಿಸಿದಾಗ ಬಂದ ಉತ್ತರ ಶೇ 16. ಹುಡುಗಿ ಅದನ್ನು ಸೀಮೆಸುಣ್ಣದಲ್ಲಿ ಕ್ಯಾಬಿನ್ನಿನ ಬಾಗಿಲ ಮೇಲೆ ಬರೆದಳು.

ಬಣ್ಣ ಒಣಗುವುದೆಂದರೆ

ಬಟ್ಟೆ ಒಣಗುವುದಕ್ಕೂ ಎಣ್ಣೆಬಣ್ಣ ಒಣಗುವುದಕ್ಕೂ ವ್ಯತ್ಯಾಸವಿದೆ. ಬಟ್ಟೆಯಿಂದ ನೀರು ಹೋದರೆ ಮುಗಿಯಿತು. ಎಣ್ಣೆಬಣ್ಣದಿಂದ ಮೊದಲು ಥಿನ್ನರ್ ಹಾರಿಹೋಗುತ್ತದೆ. ಆಮೇಲೆ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿ, ಕಣಕಣವೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಶುದ್ಧ ಅಗಸೆ ಎಣ್ಣೆ ಹೀಗೆ ಒಣಗುವಾಗ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ! ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಮುದ್ದೆಮಾಡಿ ಎಸೆದರೆ ಶಾಖ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಅವನ್ನು ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ದಪ್ಪಗೆ ಬಳಿದರೆ ಏನಾಗುತ್ತದೆ? ಮೇಲ್ಪದರ ಬೇಗ ಗಟ್ಟಿಯಾಗಿ ಒಳಪದರಕ್ಕೆ ಗಾಳಿ ಸಿಗದಂತೆ ಮಾಡುತ್ತದೆ. ಆದ್ದರಿಂದ ತೆಳುವಾಗಿ ಮೂರು ಕೈ ಬಳಿಯುವುದು ದಪ್ಪಗೆ ಒಂದು ಕೈ ಬಳಿಯುವುದಕ್ಕಿಂತ ಮೇಲು. ಮುಂಜಾನೆ ಹಲಗೆಯ ಮೇಲೆ ಇಬ್ಬನಿಯಿರುವಾಗ ಬಳಿಯಬಾರದು. ಹಲಗೆಯ ಶಾಖ ಇಬ್ಬನಿ ಕೂರುವ ಶಾಖಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕೆಂಬುದು ಬಣ್ಣದವರ ನಿಯಮ. ಸಂಜೆ ತಡವಾಗಿ ಬಳಿದರೆ ಅಂಟು ಆರುವ ಮೊದಲೇ ಇಬ್ಬನಿ ಬಿದ್ದು ಹೊಳಪು ಮಂಕಾಗುತ್ತದೆ.

ಮಕ್ಕಳಿಗೆ ಒಂದು ಲೆಕ್ಕ. ಡೆಕ್ಕಿನ ವಿಸ್ತೀರ್ಣ, ಮೂತಿಯ ಕಡೆ ಕಿರಿದಾಗುವುದನ್ನೂ ಕ್ಯಾಬಿನ್ನಿನ ಜಾಗವನ್ನೂ ಕಳೆದರೆ, ಸುಮಾರು 180 ಚದರ ಅಡಿ. ಅಂದರೆ 17 ಚದರ ಮೀಟರ್. ಒಂದು ಲೀಟರ್ ಬಣ್ಣ 10 ಚದರ ಮೀಟರಿಗೆ ಬಂತೆನ್ನಿ. ಪದರದ ದಪ್ಪವೆಷ್ಟು? ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿ. 1000 ಘನ ಸೆಂಟಿಮೀಟರನ್ನು 1,00,000 ಚದರ ಸೆಂಟಿಮೀಟರಿನಿಂದ ಭಾಗಿಸಿದರೆ 0.01 ಸೆಂಟಿಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದರಲ್ಲಿ ಅರ್ಧದಷ್ಟು ಆವಿಯಾದರೆ ಉಳಿಯುವುದು ತಲೆಗೂದಲಿನಷ್ಟು ದಪ್ಪ. ಮೂರು ಕೈ ಸೇರಿದರೂ 0.15 ಮಿಲಿಮೀಟರ್. ಹಲಗೆ ಸುಮಾರು 32 ಮಿಲಿಮೀಟರ್. ತನಗಿಂತ ಇನ್ನೂರು ಪಟ್ಟು ದಪ್ಪದ ಮರದ ದೋಷವನ್ನು ಆ ತೆಳು ಪೊರೆ ಸರಿಪಡಿಸಲಾರದು. ಒಳಗೆ ಚೆನ್ನಾಗಿರುವುದನ್ನು ಕಾಯುವುದಷ್ಟೇ ಅದರ ಶಕ್ತಿ.

ಬಣ್ಣ ಯಾವುದಿರಬೇಕೆಂಬ ಪ್ರಶ್ನೆ ಬಂತು. ತಮ್ಮನಿಗೆ ಗಾಢ ಹಸಿರು ಬೇಕಿತ್ತು. ಹುಡುಗಿ ಎರಡು ತಗಡಿನ ಚೂರಿಗೆ ಗಾಢ ಹಸಿರು, ತಿಳಿ ಬೂದು ಬಳಿದು, ಮಧ್ಯಾಹ್ನದ ಬಿಸಿಲಿನಲ್ಲಿಟ್ಟು, ತಮ್ಮನ ಬೆರಳನ್ನು ಅವುಗಳ ಮೇಲಿರಿಸಿದಳು. ವಾದ ಅಲ್ಲಿಗೆ ಮುಗಿಯಿತು. ಬರಿಗಾಲಿನಲ್ಲಿ ದುಡಿಯುವವರಿಗೆ ತಿಳಿಬಣ್ಣವೇ ಸರಿ. ಹಲಗೆಯೂ ಕಡಿಮೆ ಕಾಯುತ್ತದೆ, ಕಡಿಮೆ ಬಿರಿಯುತ್ತದೆ.

ಜಾರದಿರಲು ಎರಡನೇ ಕೈ ಹಸಿಯಿರುವಾಗ ಜರಡಿ ಹಿಡಿದ ಒಣ ಮರಳನ್ನು ಉದುರಿಸಿದರು. ಹೊಳೆಯ ಮೇಲ್ಭಾಗದ ಸಿಹಿನೀರಿನ ಮರಳು; ಕಡಲ ದಂಡೆಯದಲ್ಲ, ಅದರಲ್ಲಿ ಉಪ್ಪಿರುತ್ತದೆ. ಒಣಗಿದ ಮೇಲೆ ಹೆಚ್ಚಿನದನ್ನು ಗುಡಿಸಿ ಮೂರನೇ ಕೈ ಬಳಿದರು. ಡೆಕ್ಕಿನ ಅಡಿಭಾಗಕ್ಕೆ ಮಾತ್ರ ಬಣ್ಣ ಹಾಕಲಿಲ್ಲ. ಎಣ್ಣೆ ಒರೆಸಿ ಬಿಟ್ಟರು. ಮೇಲಿನಿಂದ ಹೇಗೋ ಇಳಿದ ನೀರಿಗೆ ಕೆಳಗಿನಿಂದ ಹೊರಹೋಗಲು ಒಂದು ದಾರಿ ಬೇಕಲ್ಲ!

ಹಿಮ್ಮಡಿಯ ಪರೀಕ್ಷೆ

ಮೇ ಕೊನೆಯ ವಾರ ಕೆಲಸ ಮುಗಿಯಿತು. ಮೂರು ವಾರದ ದುಡಿಮೆ ಹೋದ ಲೆಕ್ಕ ಅವನ ಡೈರಿಯಲ್ಲಿದೆ, ಅದನ್ನು ತುಂಬಲು ಆಗಸ್ಟಿನಲ್ಲಿ ಒಳ್ಳೆಯ ಮೀನು ಬೀಳಬೇಕು. ಬೀಳುತ್ತದೆಂದು ನಾನು ಹೇಳಲಾರೆ. ಹಲಗೆ ಕುಸಿಯದು ಎಂದಷ್ಟೇ ಹೇಳಬಲ್ಲೆ. ಅದನ್ನೂ ನಾನಲ್ಲ, ತಕ್ಕಡಿ ಹೇಳಿದ್ದು.

ಈ ಜೂನಿನಲ್ಲಿ ಮಕ್ಕಳಿಗೆ ಹೊಸ ಚೀಲ, ಹೊಸ ಪುಸ್ತಕ, ಹೊಸ ಟ್ಯೂಷನ್ ಹುಡುಕುತ್ತಿರುವ ಹೆತ್ತವರಿಗೆ ನನ್ನದೊಂದು ವಿನಂತಿ. ಹಿಂದಿನ ವರ್ಷದ ಪಾಠ ಎಲ್ಲಿ ಹಸಿಯಾಗಿಯೇ ಉಳಿದಿದೆ ಎಂದು ಮೊದಲು ನೋಡಿ. ಅದರ ಮೇಲೆ ಬಳಿದ ಅಂಕಗಳು ಒಂದು ಬೇಸಿಗೆ ಬಾಳುತ್ತವೆ, ಅಷ್ಟೆ. ಶಿಕ್ಷಕರಾದ ನಮಗೂ ಈ ಮಾತು ಸಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಊರಿಗೆ ಹೇಳುವ ಮೊದಲು ಉಳಿ ಹಿಡಿದವರನ್ನು ಒಮ್ಮೆ ಕೇಳಿದ್ದರೆ ಒಬ್ಬ ಹುಡುಗನ ಹತ್ತನೇ ತರಗತಿ ಉಳಿಯುತ್ತಿತ್ತೇನೋ.

ಬಣ್ಣ ಪೂರ್ತಿ ಒಣಗಿದ ದಿನ ಅವನ ತಂದೆಯನ್ನು ಕರೆತಂದರು. ಈಗ ಅವರಿಗೆ ಎಪ್ಪತ್ತು ದಾಟಿದೆ. ಬಲಗಾಲು ತುಸು ಎಳೆಯುತ್ತದೆ. ಮಗ, ಮೊಮ್ಮಗಳು ಕೈಹಿಡಿದು ಹತ್ತಿಸಿದರು. ಬರಿಗಾಲಿನಲ್ಲಿ ಡೆಕ್ಕಿನ ಉದ್ದಕ್ಕೂ ನಡೆದು, ಐಸ್ ಕೋಣೆಯ ಬಾಯಿಯ ಪಕ್ಕ ನಿಂತು, ಆ ಬಲಗಾಲಿನ ಹಿಮ್ಮಡಿಯಿಂದಲೇ ಹಲಗೆಯನ್ನು ಎರಡು ಸಲ ಕುಟ್ಟಿದರು. ಗಟ್ಟಿ ಮರದ ಸದ್ದು ಬಂತು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ಅಡಿಗೆ ಬಣ್ಣ ಬಳಿಲಿಲ್ಲ ಅಲ್ದಾ ಮಾಸ್ಟ್ರೆ?” ಎಂದು ನಕ್ಕರು.